ಗೋಡೆಯ ಗುಂಡಿ ಕೆಲಸ ಮಾಡದಿದ್ದಾಗ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಕಲ್ಯಾಣ ಮಂಟಪ, ಶಾಲೆ, ದೊಡ್ಡ ಮನೆಗಳಲ್ಲಿ ಒಂದೇ ಆಂಪ್ಲಿಫೈಯರ್‌ನಿಂದ ಹಲವು ಕೋಣೆಗಳಿಗೆ ದನಿ ಹಂಚುವ ವ್ಯವಸ್ಥೆ ಇರುವಲ್ಲಿ, ಆಯಾ ಕೋಣೆಯ ದನಿಯನ್ನು ಏರಿಸಿ ಇಳಿಸಲು ಗೋಡೆಯಲ್ಲಿ ತಿರುಗುಗುಂಡಿಯನ್ನೋ ಕೀಪ್ಯಾಡನ್ನೋ ಕೂರಿಸಿರುತ್ತಾರೆ. ಕೋಣೆಯಲ್ಲಿ ದನಿ ನಿಂತೊಡನೆ ಗುಂಡಿಯೇ ಕೆಟ್ಟಿದೆಯೆಂದು ಬದಲಾಯಿಸಲು ಹೊರಡುವುದಕ್ಕಿಂತ, ದನಿ ಸಾಗಿಬರುವ ದಾರಿಯನ್ನು ಕ್ರಮವಾಗಿ ಪರೀಕ್ಷಿಸಿದರೆ ಹಣವೂ ಸಮಯವೂ ಉಳಿಯುತ್ತವೆ.

ದೊಡ್ಡ ಕಟ್ಟಡಗಳಿಗೆ ಹೊಂದುವುದು 100 ವೋಲ್ಟ್ ಲೈನ್ ಪದ್ಧತಿ. ಇದರಲ್ಲಿ ಆಂಪ್ಲಿಫೈಯರ್ ತನ್ನ ಪೂರ್ಣ ಸಾಮರ್ಥ್ಯದಲ್ಲಿ 100 ವೋಲ್ಟ್‌ವರೆಗಿನ ಒತ್ತಡದಲ್ಲಿ ದನಿಯ ವಿದ್ಯುತ್ತನ್ನು ಕಳುಹಿಸುತ್ತದೆ; ಪ್ರತಿ ಸ್ಪೀಕರ್‌ನ ಹಿಂದಿರುವ ಪುಟ್ಟ ಟ್ರಾನ್ಸ್‌ಫಾರ್ಮರ್ ಆ ಒತ್ತಡವನ್ನು ಇಳಿಸಿಕೊಳ್ಳುತ್ತದೆ. 120 ವಾಟ್ ಶಕ್ತಿಯನ್ನು 8 ಓಮ್‌ನ ಸ್ಪೀಕರ್‌ಗೆ ನೇರವಾಗಿ ಕೊಡಲು ಸುಮಾರು 3.9 ಆಂಪಿಯರ್ ಪ್ರವಾಹ ಬೇಕಾದರೆ ಈ ಪದ್ಧತಿಯಲ್ಲಿ 1.2 ಆಂಪಿಯರ್ ಸಾಕಾಗುವುದರಿಂದ, ಉದ್ದನೆಯ ತಂತಿಯಲ್ಲಿಯೂ ನಷ್ಟ ಕಡಿಮೆ. ಇಲ್ಲಿ ಬಳಸುವ ತಿರುಗುಗುಂಡಿಯೊಳಗೆ ಸಾಮಾನ್ಯವಾಗಿ ಹಂತಹಂತವಾಗಿ ಒತ್ತಡ ತಗ್ಗಿಸುವ ಟ್ರಾನ್ಸ್‌ಫಾರ್ಮರ್ ಇರುತ್ತದೆ; ಅದರ ವಾಟ್ ಮಿತಿಯು ಅದಕ್ಕೆ ಜೋಡಿಸಿದ ಸ್ಪೀಕರ್‌ಗಳ ಒಟ್ಟು ವಾಟ್‌ಗಿಂತ ಕಡಿಮೆಯಿರಬಾರದು.

ಧಾರೆಯ ಹೊತ್ತಿನ ಗಟ್ಟಿಮೇಳ ಊಟದ ಹಾಲ್‌ಗೆ ಕೇಳಿಸುತ್ತಿಲ್ಲವೆಂದಾದರೆ, ಬೇರೆ ಕೋಣೆಗಳಲ್ಲಿ ದನಿ ಇದೆಯೇ ಎಂಬುದನ್ನು ಮೊದಲು ನೋಡಬೇಕು. ಎಲ್ಲಿಯೂ ಇಲ್ಲದಿದ್ದರೆ ದೋಷ ಆಂಪ್ಲಿಫೈಯರ್‌ನಲ್ಲೋ ಮುಖ್ಯ ಲೈನಿನಲ್ಲೋ ಇರಬಹುದು, ಇಲ್ಲವೇ ಯಾವುದೋ ಒಂದು ಕವಲಿನ ಶಾರ್ಟ್ ಇಡೀ ವ್ಯವಸ್ಥೆಯನ್ನು ತಡೆದಿರಬಹುದು. ಆಗ ಕವಲುಗಳನ್ನೆಲ್ಲ ಬಿಚ್ಚಿ ಒಂದೊಂದಾಗಿ ಮತ್ತೆ ಜೋಡಿಸುತ್ತ ಬಂದರೆ ದೋಷವಿರುವ ಕವಲು ತಿಳಿಯುತ್ತದೆ. ಒಂದೇ ಕೋಣೆಗೆ ತೊಂದರೆಯಿದ್ದರೆ, ಆಂಪ್ಲಿಫೈಯರ್ ಆರಿಸಿದ ಮೇಲೆ ಗುಂಡಿಯನ್ನು ಬಿಟ್ಟು, ಒಳಬರುವ ತಂತಿಯನ್ನು ಸ್ಪೀಕರ್‌ನ ತಂತಿಗೆ ನೇರವಾಗಿ ಕೂಡಿಸಿ, ಮತ್ತೆ ಚಾಲೂ ಮಾಡಿ ನೋಡಬೇಕು. ದನಿ ಬಂದರೆ ಗುಂಡಿಯದೇ ದೋಷ. ಬಾರದಿದ್ದರೆ ತಂತಿ, ಜಾಯಿಂಟ್ ಅಥವಾ ಸ್ಪೀಕರ್ ಕಾರಣ. ಈ ಲೈನಿನ ಒತ್ತಡ ಶಾಕ್ ಕೊಡುವಷ್ಟಿರುವುದರಿಂದ, ಚಾಲೂ ಇರುವಾಗ ತಂತಿ ಮುಟ್ಟುವುದು ಅಪಾಯಕರ.

ಮನೆಗಳ ಕೀಪ್ಯಾಡ್ ಬೇರೆ ಬಗೆಯದು. ಅದರ ಮೂಲಕ ಸಾಮಾನ್ಯವಾಗಿ ದನಿ ಹರಿಯದೆ, ನೆಟ್‌ವರ್ಕ್ ಕೇಬಲ್‌ನಂಥ ಸಣ್ಣ ಎಳೆಗಳ ತಂತಿಯಲ್ಲಿ ಆಜ್ಞೆ ಮಾತ್ರ ಆಂಪ್ಲಿಫೈಯರ್‌ಗೆ ತಲಪುತ್ತದೆ. ಕೀಪ್ಯಾಡಿನ ದೀಪವೇ ಉರಿಯದಿದ್ದರೆ ವಿದ್ಯುತ್ ಬರುವ ಎಳೆಯನ್ನು ಅನುಮಾನಿಸಬೇಕು; ದೀಪ ಉರಿದೂ ಗುಂಡಿಗೆ ಸ್ಪಂದನ ಇಲ್ಲದಿದ್ದರೆ, ವ್ಯವಸ್ಥೆಯನ್ನು ಆರಿಸಿ, ಅದೇ ಮಾದರಿಯ ಪಕ್ಕದ ಕೋಣೆಯ ಕೀಪ್ಯಾಡನ್ನು ಇಲ್ಲಿಗೂ ಇಲ್ಲಿಯದನ್ನು ಅಲ್ಲಿಗೂ ಜೋಡಿಸಿ ನೋಡಬೇಕು. ತೊಂದರೆ ಕೀಪ್ಯಾಡಿನೊಂದಿಗೆ ಹೋದರೆ ಅದನ್ನೇ ಬದಲಿಸಬೇಕು, ಕೋಣೆಯಲ್ಲಿಯೇ ಉಳಿದರೆ ತಂತಿಯ ತುದಿಯ ಪ್ಲಗ್ಗನ್ನು ಹೊಸದಾಗಿ ಒತ್ತಿ ಕೂರಿಸಬೇಕು.

ಕೊಡಗಿನ ಅಂಚಿನ ಊರುಗಳಲ್ಲಿ ಮುಂಗಾರಿನ ತೇವ ಗೋಡೆಗಿಳಿದು, ತಾಮ್ರದ ತುದಿಗೆ ಕಿಲುಬು ಹಿಡಿಯುವುದುಂಟು. ಜಾಯಿಂಟುಗಳನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಮಾಡಿಸಿ, ಯಾವ ತಂತಿ ಯಾವ ಕೋಣೆಗೆ ಹೋಗುತ್ತದೆಂಬ ನಕ್ಷೆಯನ್ನು ಆಂಪ್ಲಿಫೈಯರ್‌ನ ಬಳಿಯೇ ಅಂಟಿಸಿಟ್ಟರೆ, ದುರಸ್ತಿಗೆ ಬಂದವರು ಗೋಡೆ ಒಡೆಯುವ ಪ್ರಸಂಗ ಬಹುಮಟ್ಟಿಗೆ ತಪ್ಪುತ್ತದೆ.