ಹಾರ್ವೆಸ್ಟರ್ ಫೋನ್‌ನಲ್ಲಿ ಬುಕ್ ಆಯ್ತು, ಸರಿ. ಸರದಿ, ಅಳತೆ, ಲೆಕ್ಕ ಯಾರ ಕೈಲಿದೆ?

ಭತ್ತ ಹಣ್ಣಾಗುತ್ತಿದ್ದಂತೆ ಊರಲ್ಲಿ ಒಂದೇ ಮಾತು, "ಮಿಷನ್ ಯಾವಾಗ ಬರುತ್ತೆ?" ಫೋನ್ ಮಾಡಿದರೆ "ನಾಳೆ ಬರ್ತೀವಿ ಅಣ್ಣ" ಅಂತಾರೆ. ಆ ನಾಳೆ ನಾಲ್ಕು ದಿನ ಎಳೆಯುತ್ತೆ. ನಡುವೆ ಒಂದು ಮಳೆ ಹೊಡೆದರೆ ಪೈರು ಮಲಗುತ್ತೆ, ಕಾಳು ಉದುರುತ್ತೆ, ಮಲಗಿದ ಪೈರು ಕೊಯ್ಯೋಕೆ ಸಮಯವೂ ಜಾಸ್ತಿ ಬೇಕು. ಆ ಹೆಚ್ಚಿನ ಸಮಯದ ಬಾಡಿಗೆಯೂ ನಿಮ್ಮದೇ.

ಯಂತ್ರ ಬಾಡಿಗೆ ಈಗ ಹಳ್ಳಿಯ ದೊಡ್ಡ ಸೇವಾ ವ್ಯಾಪಾರ. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳು 2014-15ರಲ್ಲಿ ಶುರುವಾದವು. ಖಾಸಗಿಯವರು, ಹೊರರಾಜ್ಯದ ಹಾರ್ವೆಸ್ಟರ್ ಕರೆಸುವ ಏಜೆಂಟರು ಬೇರೆ. ಬುಕಿಂಗ್‌ಗೆ ಆ್ಯಪ್‌ಗಳೂ ಬಂದಿವೆ. ಆದರೆ ಬುಕಿಂಗ್ ಬಟನ್ ಒತ್ತಿದ ಮಾತ್ರಕ್ಕೆ ಏನೂ ಬದಲಾಗಲ್ಲ. ನಿಮ್ಮ ಸರದಿ ಎಷ್ಟನೆಯದು, ದರ ಎಷ್ಟು, ಅಳತೆ ಹೇಗೆ ಅನ್ನೋದು ಎರಡೂ ಕಡೆಯವರ ಫೋನ್‌ನಲ್ಲಿ ಬರಹದಲ್ಲಿ ಇದ್ದಾಗ ಮಾತ್ರ ಬದಲಾವಣೆ. ಇಷ್ಟಕ್ಕೆ ವಾಟ್ಸ್ಆ್ಯಪ್ ಸಾಕು.

ಮೊದಲು ಮಿಷನ್ ಮಾಲೀಕರ ಕಷ್ಟ ನೋಡಿ. ಒಂದೂರಿಂದ ಇನ್ನೊಂದೂರಿಗೆ ಓಡುವಾಗ ಡೀಸೆಲ್ ಉರಿಯುತ್ತೆ, ಡ್ರೈವರ್ ಬಾಟಾ ಓಡುತ್ತೆ, ಆದಾಯ ಸೊನ್ನೆ. ಅದಕ್ಕೇ ಹತ್ತು ಎಕರೆಯವರ ಗದ್ದೆ ಮೊದಲು, ಮೂವತ್ತು ಗುಂಟೆಯವರದ್ದು ಕೊನೆಗೆ. ಇದಕ್ಕೆ ಜಗಳ ಮಾಡಿ ಪ್ರಯೋಜನ ಇಲ್ಲ, ಒಟ್ಟಿಗೆ ಬುಕ್ ಮಾಡಿ. ಅಕ್ಕಪಕ್ಕದ ಐದಾರು ಜನ ಒಂದು ಗ್ರೂಪ್ ಮಾಡಿಕೊಂಡು, ಸರ್ವೆ ನಂಬರ್, ವಿಸ್ತೀರ್ಣ, ತಳಿ, ಕೊಯ್ಲಿಗೆ ಬರುವ ದಿನ ಹಾಕಿ, ಒಬ್ಬರೇ ಮಾತಾಡಿ. ಗದ್ದೆಯ ಲೊಕೇಶನ್ ಕಳಿಸಿ. ಅದರ ಜೊತೆ ದಾರಿಯ ಒಂದು ಸಣ್ಣ ವಿಡಿಯೋನೂ ಇರಲಿ: ಬಂಡಿದಾರಿ ಎಷ್ಟು ಅಗಲ, ಯಾವ ಬದುವಿನಿಂದ ಇಳಿಸಬೇಕು, ನೆಲ ಒಣಗಿದೆಯಾ. ಕೆಸರಿದ್ದರೆ ಟೈರ್ ಮಿಷನ್ ಹೂತುಕೊಳ್ಳುತ್ತೆ, ಬೆಲ್ಟ್ ಮಿಷನ್ ಬೇಕು, ಅದರ ಬಾಡಿಗೆಯೇ ಬೇರೆ. ಗದ್ದೆಗೆ ಬಂದ ಮೇಲೆ ಇದು ಗೊತ್ತಾದರೆ ಇಬ್ಬರಿಗೂ ನಷ್ಟ. ಹೀಗೆ ಒಟ್ಟು ಏಳೆಂಟು ಎಕರೆ ಒಂದೇ ಕಡೆ ಸಿಗುತ್ತೆ ಅಂದರೆ ದರದಲ್ಲಿ ಚೌಕಾಸಿ ಮಾಡೋಕೂ ಬಾಯಿ ಬರುತ್ತೆ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರ ಸರದಿಯನ್ನೂ ನೀವೇ ಸೇರಿಸಿ. ಪಟ್ಟಿಯನ್ನು ಹಾಲಿನ ಡೇರಿ ಗೋಡೆಗೂ ಅಂಟಿಸಿ.

ಇನ್ನು ಅಳತೆ. ಜಗಳ ಆಗೋದೇ ಇಲ್ಲಿ.

ಗಂಟೆ ಲೆಕ್ಕ ಆದರೆ ಶುರುವಿಗೆ, ಕೊನೆಗೆ ಅವರ್ ಮೀಟರ್ ಫೋಟೋ ತೆಗೆದು ಗ್ರೂಪ್‌ಗೆ ಹಾಕಿ. ಒಂದು ವಿಷಯ: ಹಳೇ ಮೆಕ್ಯಾನಿಕಲ್ ಮೀಟರ್ ಎಂಜಿನ್ ಸುತ್ತಿನ ಮೇಲೆ ಓಡುತ್ತೆ. ಎಂಜಿನ್ ನಿಧಾನವಾಗಿದ್ದರೆ ಅದೂ ನಿಧಾನ. ಹಾಗಾಗಿ ಗಡಿಯಾರಕ್ಕೂ ಅದಕ್ಕೂ ತಾಳೆ ಆಗಲ್ಲ. ಯಾವುದನ್ನ ಹಿಡಿಯೋದು, ಬೆಲ್ಟ್ ಕಿತ್ತು ನಿಂತ ಹೊತ್ತು ಯಾರ ಲೆಕ್ಕಕ್ಕೆ ಅಂತ ಮೊದಲೇ ಮೆಸೇಜ್‌ನಲ್ಲಿ ಒಪ್ಪಿಸಿಕೊಳ್ಳಿ.

ಎಕರೆ ಲೆಕ್ಕ ಆದರೆ ಫೋನ್ ಹಿಡಿದು ಬದು ಸುತ್ತಿ ಜಿಪಿಎಸ್‌ನಲ್ಲಿ ಅಳೆಯೋದು ಈಗ ರೂಢಿ. ಸಣ್ಣ ಗದ್ದೆಗೆ ಇದನ್ನ ಪೂರ್ತಿ ನಂಬಬೇಡಿ. ಒಂದು ಎಕರೆ ಚೌಕದ ಬದಿ ಸುಮಾರು 64 ಮೀಟರ್. ಉದ್ದ, ಅಗಲ ಎರಡರಲ್ಲೂ 3 ಮೀಟರ್ ಹೆಚ್ಚು ತೋರಿಸಿದರೆ ಹತ್ತಿರ ಹತ್ತಿರ 4 ಗುಂಟೆ ಜಾಸ್ತಿ ಬೀಳುತ್ತೆ. ಪಹಣಿ ಜೊತೆ ಹೋಲಿಸಿ, ಆದರೆ ಅದರಲ್ಲೂ ಖರಾಬು ಕಳೆದು ಉಳಿದ ವಿಸ್ತೀರ್ಣ ನೋಡಿ. ಬದು, ದಾರಿ, ಬಾವಿ ಜಾಗ ಮಿಷನ್ ಕೊಯ್ದಿಲ್ಲವಲ್ಲ!

ದುಡ್ಡು ಯುಪಿಐನಲ್ಲಿ ಹಾಕುವಾಗ ಕ್ಯೂಆರ್ ಯಾರ ಹೆಸರಲ್ಲಿದೆ ನೋಡಿ. ಮಾಲೀಕರದ್ದಾ, ಡ್ರೈವರ್‌ದಾ, ಏಜೆಂಟ್‌ದಾ? ಏಜೆಂಟ್ ಕಮಿಷನ್ ಬಾಡಿಗೆಯೊಳಗೇ ಸೇರಿಕೊಂಡಿರುತ್ತೆ. ಎಷ್ಟು ಅಂತ ಕೇಳೋದು ತಪ್ಪಲ್ಲ. ಕೆಲವು ಕಡೆ ಜಿಲ್ಲಾಡಳಿತವೇ ಗಂಟೆಗೆ ಇಷ್ಟು ಅಂತ ದರ ನಿಗದಿ ಮಾಡಿದ್ದುಂಟು. ನಿಮ್ಮಲ್ಲಿ ಆಗಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ನೀವೇ ಟ್ರ್ಯಾಕ್ಟರ್ ಅಥವಾ ಪವರ್ ಟಿಲ್ಲರ್ ಇಟ್ಟು ಬಾಡಿಗೆಗೆ ಓಡಿಸ್ತಿದ್ದೀರಾ? ಹಾಗಾದರೆ ಈ ಬರಹ ನಿಮಗೇ ಹೆಚ್ಚು ಲಾಭ. ಗೂಗಲ್ ಶೀಟ್‌ನಲ್ಲಿ ದಿನ, ಹೆಸರು, ಗಂಟೆ, ಡೀಸೆಲ್, ಬಂದ ಹಣ, ಬಾಕಿ, ರಿಪೇರಿ ಇಷ್ಟು ಬರೆದಿಡಿ. ಒಂದು ಹಂಗಾಮು ಕಳೆದರೆ ಗಂಟೆಗೆ ನಿಜವಾದ ಖರ್ಚು ಎಷ್ಟು ಅಂತ ಸಿಗುತ್ತೆ. ಪಕ್ಕದವನು ಇಳಿಸಿದ ಅಂತ ಕಣ್ಣು ಮುಚ್ಚಿ ದರ ಇಳಿಸೋದು ಆಗ ನಿಲ್ಲುತ್ತೆ. ಬಾಡಿಗೆ ಖಾತೆಗೇ ಬಂದಿದ್ದರೆ, ನಾಳೆ ರೋಟವೇಟರ್ ಸಾಲಕ್ಕೆ ಹೋದಾಗ ಬ್ಯಾಂಕಿಗೆ ತೋರಿಸೋಕೆ ಸ್ಟೇಟ್‌ಮೆಂಟ್ ಇರುತ್ತೆ. ಹಣ ನಿಮಗೆ ಬರೋಕೆ ಯಾವತ್ತೂ ಪಿನ್ ಹಾಕಬೇಕಿಲ್ಲ. ಹಾಕಿ ಅಂದವನು ಮೋಸಗಾರ.

ಡ್ರೋನ್ ಕರೆಸುವ ಸಾವಯವದವರು ಬುಕಿಂಗ್ ಮೆಸೇಜ್‌ನಲ್ಲೇ ಒಂದು ಪ್ರಶ್ನೆ ಸೇರಿಸಿ: "ಹಿಂದಿನ ಹೊಲಕ್ಕೆ ಏನು ಹೊಡೆದಿರಿ, ಟ್ಯಾಂಕ್ ತೊಳೆದಿರಾ?" ಕಳೆನಾಶಕದ ಉಳಿಕೆ ಇದ್ದರೆ ಬೆಳೆ ಸುಡುತ್ತೆ, ಪ್ರಮಾಣಪತ್ರಕ್ಕೂ ಸಂಚಕಾರ. ಟ್ಯಾಂಕ್, ಪೈಪು, ನಾಜಲ್ ನಿಮ್ಮ ಕಣ್ಣೆದುರೇ ತೊಳೆಸಿ. ಜೀವಾಮೃತ ಹೊಡೆಸೋದಾದರೆ ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ ಕೊಡಿ, ಇಲ್ಲಾಂದ್ರೆ ನಾಜಲ್ ಕಟ್ಟುತ್ತೆ.