ಹೇಳಲಾರದ ಕಂದನ ಇರುಳಿನ ಸಂಕಟ

ಮಲಗಿಸಿದೊಡನೆ ಕಾಲು ಒದೆಯುವ, ಹೊದಿಕೆ ಕಿತ್ತೆಸೆಯುವ, ನಡುರಾತ್ರಿ ಎದ್ದು ಅಳುವ ಮಕ್ಕಳನ್ನು ನಾವೆಲ್ಲರೂ ಕಂಡಿದ್ದೇವೆ. ಹಟವೆಂದು ಗದರುತ್ತೇವೆ, ತಾಳ್ಮೆ ಕಳೆದರೆ ಒಂದೇಟು ಹಾಕುವುದೂ ಉಂಟು. ಆದರೆ ಆ ಚಡಪಡಿಕೆಯ ಹಿಂದೆ ಒಂದು ಕಾಯಿಲೆಯೂ ಇರಬಹುದೆಂಬುದನ್ನು ನಾವು ಅರಿಯಬೇಕಾಗಿದೆ.

ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎಂದು ಕರೆಯಲಾಗುವ ಈ ಕಾಲಿನ ಚಡಪಡಿಕೆಯನ್ನು ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲಿಯೇ ವರ್ಣಿಸಿದ್ದನು. 1945ರಲ್ಲಿ ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್‌ಬೊಮ್ ಅದನ್ನು ವಿವರವಾಗಿ ನಿರೂಪಿಸಿದರು. ಸಂಜೆಯಾಗುತ್ತಲೇ ಹೆಚ್ಚುವುದು, ಸುಮ್ಮನೆ ಕುಳಿತಾಗ ಅಥವಾ ಮಲಗಿದಾಗ ಕಾಡುವುದು, ಕಾಲಾಡಿಸಿದರೆ ಶಮನವಾಗುವುದು ಇದರ ಲಕ್ಷಣಗಳು. ಇದರ ಸೋದರ ಸಂಬಂಧಿಯಂತಿರುವ ಇನ್ನೊಂದು ತೊಂದರೆಯಲ್ಲಿ ಮಗು ನಿದ್ದೆಯಲ್ಲಿಯೇ ಮತ್ತೆ ಮತ್ತೆ ಕಾಲು ಝಾಡಿಸುತ್ತದೆ. ನಿದ್ರಾ ಪರೀಕ್ಷೆಯಲ್ಲಿ ಗಂಟೆಗೆ 5ಕ್ಕಿಂತ ಹೆಚ್ಚು ಬಾರಿ ಹೀಗಾಗುವುದು ಕಂಡರೆ ವೈದ್ಯರು ಅದನ್ನು ಗಂಭೀರವಾಗಿ ಪರಿಗಣಿಸುತ್ತಾರೆ.

ತೊಡಕು ಇರುವುದು ಇಲ್ಲಿಯೇ. ಕಾಲಿನ ಚಡಪಡಿಕೆಯನ್ನು ಖಚಿತಪಡಿಸಿಕೊಳ್ಳಲು ವೈದ್ಯರು ಮಗುವಿನ ಮಾತನ್ನೇ ಕೇಳುತ್ತಾರೆ. 'ಕಾಲಲ್ಲಿ ಇರುವೆ ಹರಿದಾಡುತ್ತಿದೆ', 'ಜುಮುಜುಮು ಎನ್ನುತ್ತಿದೆ' ಎಂದು ಮಗು ಹೇಳಿದರೆ ದಾರಿ ಸುಗಮ. ಆದರೆ 100ರಲ್ಲಿ ಸುಮಾರು 7 ಮಕ್ಕಳಿಗೆ, ಬೇರಾವ ಕಾರಣವೂ ಕಾಣದಿದ್ದರೂ, ಭಾಷೆಯ ಬೆಳವಣಿಗೆಯಲ್ಲಿಯೇ ಕೊರತೆಯಿರುತ್ತದೆ. ತನ್ನ ನೋವಿಗೆ ಪದವಿಲ್ಲದ ಆ ಮಗು ಏನೆಂದು ಹೇಳೀತು? ಅಂತಹ ಮಗುವಿನ ಪರವಾಗಿ ಮನೆಯವರ ಕಣ್ಣೇ ಸಾಕ್ಷಿಯಾಗಬೇಕು.

ಮಗು ಕಾಲನ್ನು ಉಜ್ಜಿಕೊಳ್ಳುತ್ತದೆಯೇ? ಒತ್ತಿದರೆ ಸಮಾಧಾನಗೊಳ್ಳುತ್ತದೆಯೇ? ಹಗಲಿಗಿಂತ ಸಂಜೆ ಹೆಚ್ಚೇ? ತಂದೆಗೋ ತಾಯಿಗೋ ಇದೇ ತೊಂದರೆ ಇದೆಯೇ? ಕೆಲವು ದಿನ ಇವನ್ನು ಬರೆದಿಟ್ಟು, ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿ ಮಕ್ಕಳ ವೈದ್ಯರಿಗೆ ತೋರಿಸುವುದು ಉಚಿತ.

ಈ ಕಾಯಿಲೆಗೆ ಕಬ್ಬಿಣಾಂಶದ ಕೊರತೆಯೊಡನೆ ನಿಕಟ ಸಂಬಂಧವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಹಿಮೋಗ್ಲೋಬಿನ್ ಸರಿಯಾಗಿದ್ದರೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಅದನ್ನು ತಿಳಿಸುವುದು ಫೆರಿಟಿನ್ ಎಂಬ ರಕ್ತಪರೀಕ್ಷೆ. ಅದು 50ಕ್ಕಿಂತ ಕಡಿಮೆಯಿದ್ದರೆ ಇಂತಹ ಮಕ್ಕಳಿಗೆ ಕಬ್ಬಿಣದ ಔಷಧವನ್ನು ವೈದ್ಯರು ಪರಿಗಣಿಸುತ್ತಾರೆ. ಆದರೆ ಕಬ್ಬಿಣ ಮಿತಿಮೀರಿದರೆ ಮಕ್ಕಳಿಗೆ ವಿಷವಾದುದರಿಂದ ತಾವಾಗಿಯೇ ಕೊಡಕೂಡದು. ನೆಗಡಿಗೆಂದು ಕೊಡುವ, ಮಂಪರು ತರಿಸುವ ಕೆಲವು ಸಿರಪ್‌ಗಳು ಕಾಲಿನ ಚಡಪಡಿಕೆಯನ್ನು ಹೆಚ್ಚಿಸುತ್ತವೆ.

ನಿದ್ದೆ ಸರಿಹೋದ ಮಾತ್ರಕ್ಕೆ ಮಾತು ಬಂದುಬಿಡುವುದೆಂದು ನಾವು ಹೇಳುವುದಿಲ್ಲ. ಅದಕ್ಕೆ ವಾಕ್ ಚಿಕಿತ್ಸೆ ಬೇಕೇಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಸೇವೆಯಲ್ಲಿ ತೊಡಗಿದೆ. ಆದರೆ ರಾತ್ರಿಯಿಡೀ ನರಳಿದ ಮಗು ಹಗಲಿನಲ್ಲಿ ಏನನ್ನು ತಾನೇ ಕಲಿತೀತು? ಆದುದರಿಂದ ಹೆತ್ತವರೇ, ಗದರುವ ಮುನ್ನ ಆ ಪುಟ್ಟ ಕಾಲುಗಳನ್ನೊಮ್ಮೆ ಗಮನಿಸಿ ನೋಡಿರಿ.