ಮೊಳಕೆ ರಾಗಿಯಿಂದ ಕಪ್ಪು ಬಿಯರ್‌ವರೆಗೆ: ಮನೆಯೊಳಗಿನ ಗೆರೆ ಎಲ್ಲಿದೆ?

ಶಿವಗಂಗೆ (ನೆಲಮಂಗಲ ತಾಲ್ಲೂಕು): ಸುಗ್ಗಿಯ ದಿನಗಳಲ್ಲಿ ದಾಬಸ್‌ಪೇಟೆಯಿಂದ ಶಿವಗಂಗೆಯ ಕಡೆಗೆ ಹೊರಟರೆ ರಾಗಿ ಹುಲ್ಲಿನ ಮೆದೆಗಳು ಕಣ್ಣಿಗೆ ಬೀಳುತ್ತವೆ. ಕೂಸಿಗೆ ಆರು ತಿಂಗಳು ತುಂಬಿದರೆ ಈ ಸೀಮೆಯ ಅಜ್ಜಿಯರು ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಮೊಳಕೆ ಕಟ್ಟುತ್ತಾರೆ. ಅತ್ತ ಬೆಂಗಳೂರಿನಲ್ಲಿ, 2010ರ ಬಳಿಕ ತಲೆಯೆತ್ತಿದ ಮೈಕ್ರೋಬ್ರೂವರಿಗಳ ರುಚಿ ಕಂಡ ಕೆಲವರಿಗೆ, ‘ಡಾರ್ಕ್ ಏಲ್’ ಎಂಬ ಕಪ್ಪು ಬಿಯರನ್ನು ಮನೆಯಲ್ಲೇ ತಯಾರಿಸಬಾರದೇಕೆ ಎಂಬ ಕುತೂಹಲ. ಸಂಬಂಧವೇ ಇಲ್ಲದಂತೆ ತೋರುವ ಈ ಎರಡು ಕೆಲಸಗಳ ಮೊದಲರ್ಧ ಒಂದೇ. ಎರಡನೆಯ ಅರ್ಧ ಮಾತ್ರ ನಮ್ಮ ರಾಜ್ಯದಲ್ಲಿ ಕಾನೂನಿನ ಗೆರೆಯಾಚೆ ಇದೆ.

ಮಾಲ್ಟ್ ಎಂದರೇನು?

ಕಾಳು ಮೊಳೆಯುವಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುವುದು ಇದರ ಕೆಲಸ. ಮೊಳಕೆ ರಾಗಿಯ ಗಂಜಿ ತೆಳುವಾಗಿ, ತುಸು ಸಿಹಿಯಾಗಿ, ಮಗುವಿಗೆ ಸುಲಭವಾಗಿ ಜೀರ್ಣವಾಗುವುದು ಇದೇ ಕಾರಣದಿಂದ. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿ ರಾಗಿ ಮಾಲ್ಟ್ ಆಧಾರಿತ ಶಿಶು ಆಹಾರದ ಕುರಿತು ನಡೆದ ಸಂಶೋಧನೆಗೂ ಈ ಗುಣವೇ ತಳಹದಿ. ಬಿಯರಿಗೆ ಬಳಸುವ ಬಾರ್ಲಿಯನ್ನೂ ಹೀಗೆಯೇ ನೆನೆಸಿ, ಮೊಳೆಯಿಸಿ, ಹದವಾದ ಬಿಸಿಯಲ್ಲಿ ಒಣಗಿಸುತ್ತಾರೆ.

ಕಪ್ಪು ಬಣ್ಣ ಬರುವುದು ಹುರಿಯುವುದರಿಂದ. ಆದರೆ ಹೆಚ್ಚು ಹುರಿದರೆ ಕಿಣ್ವ ನಾಶವಾಗುತ್ತದೆ. ಮೊಳಕೆ ರಾಗಿಯನ್ನು ಘಮ್ಮೆನ್ನುವಷ್ಟು ಮಾತ್ರ ಹುರಿಯಬೇಕೆಂದು ಹಿರಿಯರು ಎಚ್ಚರಿಸುವುದರ ಹಿಂದಿರುವ ವಿಜ್ಞಾನವೂ ಇದೇ. ಆದ್ದರಿಂದ ಕಪ್ಪು ಬಿಯರಿನಲ್ಲಿ ಬಹುಪಾಲು ತಿಳಿಬಣ್ಣದ ಮಾಲ್ಟ್ ಇದ್ದು, ಕಡುವಾಗಿ ಹುರಿದದ್ದು ಅಲ್ಪ ಪ್ರಮಾಣದಲ್ಲಿರುತ್ತದೆ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್, ತಿರುಗುವ ಪೀಪಾಯಿಯಲ್ಲಿ ಮಾಲ್ಟ್ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಈ ಪದ್ಧತಿ ನೆಲೆಯೂರಿತು.

ಏಲ್ ತಯಾರಾಗುವ ಬಗೆ

ಹೊರದೇಶಗಳ ಹವ್ಯಾಸಿಗಳ ಸಾಮಾನ್ಯ ಲೆಕ್ಕ ಹೀಗಿದೆ: 20 ಲೀಟರ್ ಏಲ್‌ಗೆ ಸುಮಾರು 4 ಕಿಲೋ ತಿಳಿ ಮಾಲ್ಟ್, 250 ಗ್ರಾಂನಷ್ಟು ಕಡುವಾಗಿ ಹುರಿದ ಮಾಲ್ಟ್. ನುಚ್ಚಾಗಿಸಿದ ಮಾಲ್ಟನ್ನು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಪಿಷ್ಟ ಸಕ್ಕರೆಯಾಗುತ್ತದೆ. ಸೋಸಿದ ಸಿಹಿನೀರನ್ನು ಹಾಪ್ಸ್ ಹೂವಿನೊಂದಿಗೆ ಒಂದು ಗಂಟೆ ಕುದಿಸುತ್ತಾರೆ. ಕಹಿಯನ್ನೂ ಪರಿಮಳವನ್ನೂ ಕೊಡುವ ಈ ಹೂವು ತಂಪು ಪ್ರದೇಶದ ಬೆಳೆ. ಭಾರತದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತಾರೆ.

ಇಲ್ಲಿಯವರೆಗೆ ಪಾತ್ರೆಯಲ್ಲಿರುವುದು ಕೇವಲ ಮಾಲ್ಟಿನ ಕಷಾಯ. ಅದನ್ನು ತಣಿಸಿ ಯೀಸ್ಟ್ ಬೆರೆಸಿದ ಮೇಲೆ ಹುದುಗುವಿಕೆ ಆರಂಭವಾಗುತ್ತದೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಹಾಗೂ ಇಂಗಾಲದ ಡೈಆಕ್ಸೈಡನ್ನು ಉತ್ಪಾದಿಸುತ್ತದೆ. ಲಾಗರ್ ಬಿಯರಿಗೆ 10 ಡಿಗ್ರಿಯ ಆಸುಪಾಸಿನ ಶೀತ ಬೇಕು; ಏಲ್ ಯೀಸ್ಟ್ 18ರಿಂದ 22 ಡಿಗ್ರಿಯಲ್ಲಿ ಕೆಲಸ ಮಾಡುತ್ತದೆ. ಏಲ್ ‘ಸರಳ’ವೆನಿಸಿಕೊಂಡಿರುವುದು ಈ ಕಾರಣಕ್ಕೆ. ಒಂದೆರಡು ವಾರಗಳಲ್ಲಿ ಹುದುಗುವಿಕೆ ಮುಗಿಯುತ್ತದೆ. ಮುಗಿಯುವ ಮೊದಲೇ ಸೀಸೆಗೆ ತುಂಬಿ ಬಿರಡೆ ಹಾಕಿದರೆ ಅನಿಲದ ಒತ್ತಡಕ್ಕೆ ಸೀಸೆಗಳು ಸಿಡಿಯುವ ಅಪಾಯವುಂಟು.

ಕಳ್ಳಬಟ್ಟಿಯೇ ಇದು?

ಅಲ್ಲ. ಬಟ್ಟಿ ಇಳಿಸುವುದೆಂದರೆ ಹುದುಗಿದ ದ್ರವವನ್ನು ಕಾಯಿಸಿ, ಮದ್ಯಸಾರದ ಆವಿಯನ್ನು ತಣಿಸಿ ಸಂಗ್ರಹಿಸುವುದು. ಬಿಯರಿನಲ್ಲಿ ಈ ಹಂತವಿಲ್ಲ. ಅದರ ಮದ್ಯಸಾರ ಸಾಮಾನ್ಯವಾಗಿ ಶೇ 4ರಿಂದ 5. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಹಾಗೂ ನೆರೆಯ ತಮಿಳುನಾಡಿನ ಕೃಷ್ಣಗಿರಿ ಭಾಗಗಳಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ, ಬಹುತೇಕ ಕೂಲಿಕಾರರು, ಪ್ರಾಣ ಕಳೆದುಕೊಂಡರು. ಅಂದು ಕೊಂದದ್ದು ಮೆಥನಾಲ್ ಎಂಬ ವಿಷ. ಧಾನ್ಯವನ್ನು ಯೀಸ್ಟ್‌ನಿಂದ ಹುದುಗಿಸಿದಾಗ ಪ್ರಾಣಾಪಾಯ ತರುವಷ್ಟು ಮೆಥನಾಲ್ ಉಂಟಾಗುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಈ ವ್ಯತ್ಯಾಸ ರಸಾಯನಶಾಸ್ತ್ರಕ್ಕೆ ಮುಖ್ಯ. ಅಬಕಾರಿ ಕಾನೂನಿಗೆ ಅಷ್ಟಾಗಿ ಅಲ್ಲ. 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಪ್ರಕಾರ ಬಿಯರ್ ಸಹ ಮದ್ಯವೇ. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದನ್ನು ಅದರ 13ನೇ ಕಲಂ ನಿಷೇಧಿಸುತ್ತದೆ. ಉಲ್ಲಂಘಿಸಿದವರಿಗೆ ಜೈಲು ಮತ್ತು ದಂಡ ಎರಡನ್ನೂ ವಿಧಿಸಲು ಅವಕಾಶವಿದೆ. ‘ಮಾರುವುದಕ್ಕಲ್ಲ, ಮನೆ ಮಟ್ಟಿಗೆ’ ಎಂಬ ಸಮಜಾಯಿಷಿ ಇಲ್ಲಿ ರಕ್ಷಣೆಯಾಗದು. ಬ್ರಿಟನ್ನಿನಲ್ಲಿ 1963ರಲ್ಲಿ ಮನೆಬಳಕೆಯ ಬಿಯರಿಗೆ ಪರವಾನಗಿಯ ಅಗತ್ಯವನ್ನು ತೆಗೆದುಹಾಕಲಾಯಿತು. ಅಮೆರಿಕದಲ್ಲಿ 1978ರ ಕಾಯ್ದೆ ತೆರಿಗೆ ವಿನಾಯಿತಿ ನೀಡಿತು. ಅಲ್ಲಿನ ಪುಸ್ತಕಗಳನ್ನು ಓದಿ ಇಲ್ಲಿ ಪಾತ್ರೆ ಇಡುವವರು ಮರೆಯುವುದು ಈ ಅಂತರವನ್ನೇ. ಅಪಾರ್ಟ್‌ಮೆಂಟಿನ ಅಡುಗೆಮನೆಯಾದರೂ ಹಳ್ಳಿಯ ಹಿತ್ತಲಾದರೂ ಕಾನೂನು ಒಂದೇ.

ರಾಗಿಗೆ ಈ ವಿದ್ಯೆ ಹೊಸದೇನಲ್ಲ. ಸಿಕ್ಕಿಂನ ಬೆಟ್ಟಗಳಲ್ಲಿ ರಾಗಿಯನ್ನು ಹುದುಗಿಸಿ ‘ತೋಂಗ್ಬಾ’ ಎಂಬ ಪಾನೀಯ ತಯಾರಿಸುತ್ತಾರೆ. ನಮ್ಮಲ್ಲಿ ಮಾತ್ರ ಮೊಳಕೆ ಕಟ್ಟುವುದು, ಒಣಗಿಸುವುದು, ಹುರಿಯುವುದು, ಗಂಜಿ ಕಾಯಿಸುವುದು ಎಲ್ಲವೂ ಮನೆಯ ಹಕ್ಕು. ಅದೇ ಕಷಾಯಕ್ಕೆ ಮದ್ಯದ ಉದ್ದೇಶದಿಂದ ಒಂದು ಚಮಚ ಯೀಸ್ಟ್ ಬಿದ್ದರೆ, ಗೆರೆ ದಾಟಿದಂತೆ.